ನಿಮ್ಮ ಪುಟ್ಟ ರೈಲಿಗೊಂದು ಸಾಚಾ ಸಿಗ್ನಲ್



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಬಳಗಕ್ಕೆ ರೈಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲೇ. ಮರುವರ್ಷ ಮೇ ತಿಂಗಳಲ್ಲಿ ಹಳಿ ಕಲ್ಯಾಣ್ ಮುಟ್ಟಿತು. ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕೂಡ ಥಾಣೆ, ಪನ್ವೇಲ್ ದಾಟಿಯೇ ಮಂಗಳೂರಿನ ಕಡೆ ಓಡುತ್ತದೆ. ಇಂಥ ಜಾಗದಲ್ಲಿ ಬೆಳೆಯುವ ಮಕ್ಕಳಿಗೆ ಮಾದರಿ ರೈಲಿನ ಹುಚ್ಚು ಹಿಡಿದರೆ ಆಶ್ಚರ್ಯವಿಲ್ಲ. ನಿವೃತ್ತರಾದ ಅಜ್ಜಂದಿರಿಗೆ ಹಿಡಿದರೂ ಆಶ್ಚರ್ಯವಿಲ್ಲ!

ಪ್ಲೈವುಡ್ ಹಲಗೆಯ ಮೇಲೆ ಹಳಿ ಜೋಡಿಸಿ, ಗುಡ್ಡ, ಪ್ಲಾಟ್‌ಫಾರ್ಮ್ ಎಲ್ಲ ಮಾಡಿದ ಮೇಲೆ ಬರುವ ಆಸೆ ಸಿಗ್ನಲ್‌ನದು. ವಿದೇಶಿ ಕಂಪನಿಗಳ ಸಿದ್ಧ ಸಿಗ್ನಲ್‌ಗಳ ಬೆಲೆ ಕೇಳಿದರೆ ಮಾತ್ರ ಕೈ ಜೇಬಿಗೆ ಹೋಗುವುದಿಲ್ಲ. ಸಾಲದ್ದಕ್ಕೆ ಅವು ನಮ್ಮ ರೈಲ್ವೆಯ ಸಿಗ್ನಲ್‌ನಂತೆ ಕಾಣುವುದೂ ಅಪರೂಪ. ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳೋಣ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಬಣ್ಣದ ದೀಪ ಉರಿಸುವುದು ಸುಲಭ. ಸುಳ್ಳು ಹೇಳದ ಸಿಗ್ನಲ್ ಮಾಡುವುದರಲ್ಲೇ ನಿಜವಾದ ಮಜಾ ಇದೆ. ಅದಕ್ಕೆ ಬೇಕಾಗುವ ಹೆಚ್ಚುವರಿ ಸಾಮಾನು ಒಂದೇ ಒಂದು ರಿಲೇ.

ಮೊದಲು ದೀಪದ ಭಾಷೆ

ಮಧ್ಯ ರೈಲ್ವೆಯ ನಮ್ಮ ಲೋಕಲ್ ಮಾರ್ಗದಲ್ಲಿ ನೀವು ದಿನವೂ ನೋಡುವುದು ನಾಲ್ಕು ದೀಪದ ಸಿಗ್ನಲ್. ಮೇಲಿನಿಂದ ಕೆಳಕ್ಕೆ ಹಳದಿ, ಹಸಿರು, ಹಳದಿ, ಕೆಂಪು. ಕೆಂಪು ಎಂದರೆ ನಿಲ್ಲು. ಒಂದು ಹಳದಿ ಎಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ತಯಾರಾಗಿ ಹೋಗು. ಎರಡು ಹಳದಿ ಎಂದರೆ ಮುಂದಿನ ಸಿಗ್ನಲನ್ನು ಕಡಿಮೆ ವೇಗದಲ್ಲಿ ದಾಟಲು ತಯಾರಾಗಿ ಹೋಗು. ಹಸಿರಾದರೆ ಸಲೀಸಾಗಿ ಹೋಗು.

ಮುಂದೆ ಒಂದು ಗಾಡಿ ನಿಂತಿದೆ ಅನ್ನಿ. ಅದರ ಬೆನ್ನಿಗಿರುವ ಸಿಗ್ನಲ್ ಕೆಂಪು, ಅದರ ಹಿಂದಿನದು ಒಂದು ಹಳದಿ, ಅದರ ಹಿಂದಿನದು ಎರಡು ಹಳದಿ, ಅದಕ್ಕೂ ಹಿಂದಿನದು ಹಸಿರು. ಬೆಳಗಿನ ಹೊತ್ತು ಒಂದರ ಹಿಂದೆ ಒಂದು ಲೋಕಲ್ ಅಷ್ಟು ಹತ್ತಿರದಲ್ಲಿ ಓಡಲು ಈ ಏಣಿಯೇ ಕಾರಣ. ಕಂಬದ ಮೇಲೆ ಬಿಳಿ ವೃತ್ತದಲ್ಲಿ ‘ಎ’ ಅಕ್ಷರ ಕಂಡರೆ ಅದು ಆಟೋಮ್ಯಾಟಿಕ್ ಸಿಗ್ನಲ್. ಅದನ್ನು ಬದಲಿಸುವುದು ಯಾರ ಕೈಯೂ ಅಲ್ಲ, ಗಾಡಿಯ ಚಕ್ರವೇ.

ಮುಂದಿನ ಬಾರಿ ಪಾದಚಾರಿ ಸೇತುವೆಯ ಮೇಲೆ ನಿಂತಾಗ ಎರಡು ನಿಮಿಷ ಗಮನಿಸಿ. ಸಿಗ್ನಲ್ ನೋಡಲು ಹಳಿಯ ಹತ್ತಿರ ಹೋಗುವುದು ಮಾತ್ರ ಬೇಡವೇ ಬೇಡ.

ಯಾವ ಎಲ್‌ಇಡಿ ಕೊಳ್ಳಬೇಕು?

ಹಿಂದೆ ರೈಲ್ವೆ ಸಿಗ್ನಲ್‌ನಲ್ಲಿ ತಂತಿಯ ಬಲ್ಬ್ ಇರುತ್ತಿತ್ತು, ಈಗ ಎಲ್‌ಇಡಿ ಬಂದಿದೆ. ನಮ್ಮ ಮಾದರಿಗೂ ಅದೇ ಸರಿ. ನಿಮ್ಮ ರೈಲು ಎಚ್‌ಓ ಅಳತೆಯದಾದರೆ, ಅಂದರೆ ನಿಜದ 87ರಲ್ಲಿ ಒಂದು ಭಾಗವಾದರೆ, 3 ಮಿಲಿಮೀಟರ್ ಎಲ್‌ಇಡಿ ತೆಗೆದುಕೊಳ್ಳಿ. 3ನ್ನು 87ರಿಂದ ಗುಣಿಸಿದರೆ 261 ಮಿ.ಮೀ. ನಿಜವಾದ ಸಿಗ್ನಲ್‌ನ ಗಾಜು 20 ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು. ಕಣ್ಣಿಗೆ ಸರಿಹೊಂದುತ್ತದೆ. ಎನ್ ಅಳತೆಯ, ಅಂದರೆ 160ರಲ್ಲಿ ಒಂದು ಭಾಗದ ರೈಲಾದರೆ 1.8 ಮಿ.ಮೀ.ನದು ಬೇಕು.

ಅಂಗಡಿಯಲ್ಲಿ ಕೇಳುವಾಗ ಮೂರು ಸಂಗತಿ ನೆನಪಿಡಿ. ಒಂದು, ಮಬ್ಬು ಮುಖದ್ದು, ಅಂದರೆ ‘ಡಿಫ್ಯೂಸ್ಡ್’ ಕೇಳಿ. ನೀರಿನಂತೆ ಪಾರದರ್ಶಕವಾದದ್ದು ನೇರವಾಗಿ ನೋಡಿದರೆ ಕಣ್ಣು ಕುಕ್ಕುತ್ತದೆ, ಪಕ್ಕದಿಂದ ನೋಡಿದರೆ ಕಾಣುವುದೇ ಇಲ್ಲ. ಎರಡು, ಹಳದಿಗೆ ‘ಅಂಬರ್’ ಬಣ್ಣ ಚೆನ್ನಾಗಿ ಒಪ್ಪುತ್ತದೆ. ಮೂರು, ತಾನಾಗಿ ಮಿನುಗುವ ಅಥವಾ ಬಣ್ಣ ಬದಲಿಸುವ ಎಲ್‌ಇಡಿ ಬೇಡ.

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇಂಥ ಸಾಮಾನಿಗೆ ಹೆಸರುವಾಸಿ. ದಾದರ್‌ನಲ್ಲಿ ಗಾಡಿ ಬದಲಿಸಿದರೆ ಆಯಿತು. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಡಜನ್ ಲೆಕ್ಕದಲ್ಲಿ ಅಗ್ಗ. ಒಂದು ಸಿಗ್ನಲ್‌ಗೆ ಬೇಕಾದ ಎಲ್‌ಇಡಿ, ರೆಸಿಸ್ಟರ್, ಡಯೋಡ್ ಎಲ್ಲ ಸೇರಿ ಒಂದು ವಡಾಪಾವ್‌ನ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ವಿಚ್ಚು ಮತ್ತು ರಿಲೇಗೇ ಸ್ವಲ್ಪ ಹೆಚ್ಚು.

ರೆಸಿಸ್ಟರ್ ಇಲ್ಲದೆ ಎಲ್‌ಇಡಿ ಇಲ್ಲ

ಎಲ್‌ಇಡಿಗೆ ತನಗೆಷ್ಟು ಕರೆಂಟು ಬೇಕೆಂಬ ಅಂಕೆ ಇಲ್ಲ. ಕೊಟ್ಟಷ್ಟೂ ಕುಡಿದು ಸುಟ್ಟುಹೋಗುತ್ತದೆ. ಅದಕ್ಕೆ ಕಡಿವಾಣ ಹಾಕುವುದು ರೆಸಿಸ್ಟರ್. ಲೆಕ್ಕ ಸರಳ. ಅಡಾಪ್ಟರ್ 12 ವೋಲ್ಟ್. ಕೆಂಪು ಎಲ್‌ಇಡಿ ತಾನು ಇಟ್ಟುಕೊಳ್ಳುವುದು ಸುಮಾರು 2 ವೋಲ್ಟ್. ಉಳಿದ 10 ವೋಲ್ಟನ್ನು 2200 ಓಮ್‌ನಿಂದ ಭಾಗಿಸಿದರೆ ಸುಮಾರು 4.5 ಮಿಲಿ ಆಂಪ್. ಮನೆಯ ಹಾಲ್‌ನಲ್ಲಿ ಕಾಣಲು ಇಷ್ಟು ಧಾರಾಳವಾಯಿತು.

ಆದ್ದರಿಂದ ಕಾಲು ವಾಟಿನ 2.2 ಕಿಲೋ ಓಮ್ ರೆಸಿಸ್ಟರ್ ಕೊಳ್ಳಿ. ನಾಲ್ಕು ಪಟ್ಟಿಯದರಲ್ಲಿ ಮೊದಲ ಮೂರೂ ಪಟ್ಟಿ ಕೆಂಪು, ಗುರುತು ಹಿಡಿಯುವುದು ಸುಲಭ. ಈಗಿನ ಹಸಿರು ಎಲ್‌ಇಡಿಗಳಲ್ಲಿ ಬಹಳಷ್ಟು 3 ವೋಲ್ಟಿನವು, ಬೆಳಕೂ ಜೋರು. ಹಸಿರೊಂದೇ ಎದ್ದು ಕಂಡರೆ ಅದಕ್ಕೆ ಮಾತ್ರ 4.7 ಅಥವಾ 10 ಕಿಲೋ ಓಮ್ ಹಾಕಿ.

ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ. ನಾಲ್ಕಕ್ಕೂ ಸೇರಿ ಒಂದೇ ಹಾಕಿದರೆ ಎರಡು ಹಳದಿ ಉರಿಯುವಾಗ ಎರಡೂ ಮಂಕಾಗುತ್ತವೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಬೆಸುಗೆಗೆ ಮೊದಲು 3 ವೋಲ್ಟಿನ ಗುಂಡಿ ಬ್ಯಾಟರಿಗೆ ಕಾಲು ತಾಗಿಸಿ ಒಂದೊಂದನ್ನೂ ಪರೀಕ್ಷಿಸಿಕೊಳ್ಳಿ.

ಕಂಬ ಎಲ್ಲಿಂದ?

ರೇಡಿಯೋ ಕೇಳುಗರ ಮನೆಯಲ್ಲಿ ಇದಕ್ಕೆ ಬರವಿಲ್ಲ! ಕೆಟ್ಟ ಟ್ರಾನ್ಸಿಸ್ಟರ್‌ನ ಎಳೆಯುವ ಏರಿಯಲ್ ಬಿಡಿಸಿದರೆ ಬೇರೆ ಬೇರೆ ದಪ್ಪದ ಲೋಹದ ಕೊಳವೆಗಳು ಸಿಗುತ್ತವೆ. ಐದಾರು ಸೆಂಟಿಮೀಟರ್ ತುಂಡು ಸಾಕು. ದಪ್ಪ ಕಾರ್ಡಿನಲ್ಲಿ ನಾಲ್ಕು ತೂತು ಮಾಡಿ, ಕಪ್ಪು ಬಣ್ಣ ಬಳಿದು, ಎಲ್‌ಇಡಿಗಳನ್ನು ಹಿಂದಿನಿಂದ ತೂರಿಸಿ. ನಾಲ್ಕರ ಗಿಡ್ಡ ಕಾಲುಗಳನ್ನೂ ಒಟ್ಟಿಗೆ ಬೆಸೆಯಿರಿ, ಅದು ಮೈನಸ್ ತಂತಿ. ಉದ್ದ ಕಾಲುಗಳಿಂದ ನಾಲ್ಕು ತಂತಿ. ಒಟ್ಟು ಐದು ತಂತಿ ಕೊಳವೆಯೊಳಗಿಂದ ಹಲಗೆಯ ಕೆಳಕ್ಕೆ ಇಳಿಯಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯ ಸಣ್ಣ ತಾಮ್ರದ ತಂತಿ ಇದಕ್ಕೆ ಸರಿ, ಆದರೆ ಅದರ ತುದಿಯ ವಾರ್ನಿಷ್ ಕೆರೆಯದೆ ಬೆಸುಗೆ ಹಿಡಿಯುವುದಿಲ್ಲ. ಕೊಳವೆಯ ಅಂಚು ಹರಿತವಾಗಿದ್ದರೆ ವಾರ್ನಿಷ್ ಕಿತ್ತು ಶಾರ್ಟ್ ಆಗುತ್ತದೆ, ಅರದಿಂದ ಉಜ್ಜಿ ನಯ ಮಾಡಿಕೊಳ್ಳಿ. ರೆಸಿಸ್ಟರ್‌ಗಳು ಹಲಗೆಯ ಕೆಳಗೇ ಇರಲಿ.

ಸ್ವಿಚ್ಚು ಮತ್ತು ಎರಡು ಹಳದಿಯ ಗುಟ್ಟು

ಮೂರು ಪೋಲ್, ನಾಲ್ಕು ವೇ ರೋಟರಿ ಸ್ವಿಚ್ ಕೇಳಿ ತನ್ನಿ. ಒಂದು ಗುಬಟಿ ತಿರುಗಿಸಿದರೆ ಒಳಗೆ ಮೂರು ಸ್ವಿಚ್ಚು ಒಟ್ಟಿಗೆ ತಿರುಗುತ್ತವೆ. ಮೊದಲ ಪೋಲ್‌ನ ನಡುವಿನ ಕಾಲಿಗೆ ಅಡಾಪ್ಟರ್‌ನ ಪ್ಲಸ್ ಕೊಡಿ. 1ನೇ ಸ್ಥಾನ ಕೆಂಪಿಗೆ, 2ನೆಯದು ಕೆಳಗಿನ ಹಳದಿಗೆ, 3ನೆಯದು ಮೇಲಿನ ಹಳದಿಗೆ, 4ನೆಯದು ಹಸಿರಿಗೆ. ಎಲ್ಲವೂ ಅವುಗಳ ರೆಸಿಸ್ಟರ್ ಮೂಲಕ.

3ನೇ ಸ್ಥಾನದಲ್ಲಿ ಎರಡೂ ಹಳದಿ ಉರಿಯಬೇಕಲ್ಲ? ಅದಕ್ಕೆ 3 ಮತ್ತು 2ನೇ ಕಾಲುಗಳ ನಡುವೆ ಒಂದು 1ಎನ್4148 ಡಯೋಡ್ ಬೆಸೆಯಿರಿ. ಅದರ ಕಪ್ಪು ಗೆರೆ 2ನೇ ಕಾಲಿನ ಕಡೆ ಇರಲಿ. ಡಯೋಡ್ ಒಂದು ಒನ್‌ವೇ ರಸ್ತೆ. 3ರಿಂದ ಕರೆಂಟು 2ರ ಹಳದಿಗೂ ಹೋಗುತ್ತದೆ. ಆದರೆ 2ರಲ್ಲಿ ಇಟ್ಟಾಗ 3ರ ಕಡೆ ವಾಪಸು ಹರಿಯುವುದಿಲ್ಲ, ಹಾಗಾಗಿ ಒಂದೇ ಹಳದಿ ಉರಿಯುತ್ತದೆ. ಇಷ್ಟಾದರೆ ಕೈಯಿಂದ ಬದಲಿಸುವ ಸಿಗ್ನಲ್ ಸಿದ್ಧ.

ಕೆಟ್ಟರೆ ಕೆಂಪಾಗಲಿ

ಈಗ ಮುಖ್ಯ ವಿಷಯ. ಮಳೆಗಾಲದಲ್ಲಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ‘ತಾಂತ್ರಿಕ್ ಬಿಘಾಡ್’ ಎಂಬ ಪ್ರಕಟಣೆ ಕೇಳಿ ನಾವೆಲ್ಲ ಗೊಣಗಿದವರೇ. ಸಿಗ್ನಲ್ ಕೆಟ್ಟಿದೆ ಎಂದರೆ ಹೆಚ್ಚಿನ ಸಲ ಅದು ಕೆಂಪಾಗಿ ನಿಂತಿದೆ ಎಂದರ್ಥ. ಅದು ಸೋಲಲ್ಲ, ಬೇಕೆಂದೇ ಮಾಡಿದ ಏರ್ಪಾಡು.

1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬವರು ಟ್ರ್ಯಾಕ್ ಸರ್ಕ್ಯೂಟ್ ಕಂಡುಹಿಡಿದರು. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಹಳಿ ಖಾಲಿ ಇದ್ದರೆ ಕರೆಂಟು ಹರಿದು ರಿಲೇ ಎತ್ತಿ ಹಿಡಿದಿರುತ್ತದೆ, ಹಸಿರು. ಗಾಡಿ ಬಂದರೆ ಅದರ ಚಕ್ರ ಎರಡು ಹಳಿಗಳನ್ನು ಶಾರ್ಟ್ ಮಾಡುತ್ತದೆ, ರಿಲೇ ಕೆಳಗೆ ಬೀಳುತ್ತದೆ, ಕೆಂಪು. ತಂತಿ ತುಂಡಾದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಇಂಥ ಸರ್ಕ್ಯೂಟ್ ಇರುವ ಕಡೆ ಹಳಿಗೆ ನೀರು ನುಗ್ಗಿ ಕರೆಂಟು ಸೋರಿದರೂ ಕೆಂಪು. ಹಸಿರು ಬೇಕಾದರೆ ಎಲ್ಲವೂ ಸರಿ ಇರಬೇಕು, ಯಾವುದೊಂದು ತಪ್ಪಿದರೂ ಗಾಡಿ ನಿಲ್ಲಬೇಕು. ನಮಗೆ ತಡವಾಗುತ್ತದೆ ನಿಜ, ಆದರೆ ಮನೆ ಮುಟ್ಟುತ್ತೇವೆ.

ಇದನ್ನೇ ನಮ್ಮ ಹಲಗೆಯ ಮೇಲೆ ತರೋಣ. 12 ವೋಲ್ಟಿನ, ಎರಡು ಚೇಂಜ್‌ಓವರ್ ಇರುವ ಒಂದು ರಿಲೇ ತನ್ನಿ. ಅದರಲ್ಲಿ ಕಾಯಿಲ್‌ಗೆ ಎರಡು ಕಾಲು. ಮಿಕ್ಕಂತೆ ಎರಡು ಜೊತೆ ಸಂಪರ್ಕ. ಪ್ರತಿಯೊಂದರಲ್ಲೂ ಕಾಮನ್, ಎನ್‌ಸಿ, ಎನ್‌ಓ ಎಂಬ ಮೂರು ಕಾಲು. ಕಾಯಿಲ್‌ಗೆ ಕರೆಂಟಿಲ್ಲದಾಗ ಕಾಮನ್ ಎನ್‌ಸಿಗೆ ಅಂಟಿಕೊಂಡಿರುತ್ತದೆ, ಕರೆಂಟು ಬಂದರೆ ಎನ್‌ಓ ಕಡೆ ವಾಲುತ್ತದೆ.

ಮೊದಲ ಜೊತೆ ದೀಪಕ್ಕೆ. ರೋಟರಿಯ ಮೊದಲ ಪೋಲ್‌ಗೆ ಕೊಟ್ಟಿದ್ದ ಪ್ಲಸ್ ತಂತಿ ಬಿಚ್ಚಿ ರಿಲೇಯ ಕಾಮನ್‌ಗೆ ಕೊಡಿ. ಎನ್‌ಓ ಕಾಲಿನಿಂದ ರೋಟರಿಯ ಆ ಪೋಲ್‌ಗೆ ತಂತಿ ಎಳೆಯಿರಿ. ಎನ್‌ಸಿ ಕಾಲಿನಿಂದ ನೇರವಾಗಿ ಕೆಂಪಿನ ರೆಸಿಸ್ಟರ್‌ಗೆ.

ಕಾಯಿಲ್‌ಗೆ ರೋಟರಿಯ ಎರಡನೇ ಪೋಲ್. ಅದರ ನಡುವಿನ ಕಾಲಿಗೆ ಪ್ಲಸ್. 2, 3, 4ನೇ ಕಾಲುಗಳನ್ನು ಒಂದುಗೂಡಿಸಿ ಕಾಯಿಲ್‌ಗೆ ಕೊಡಿ, ಕಾಯಿಲ್‌ನ ಇನ್ನೊಂದು ಕಾಲು ಮೈನಸ್‌ಗೆ. 1ನೇ ಕಾಲು ಖಾಲಿ ಇರಲಿ.

ಎರಡನೇ ಜೊತೆ ಹಳಿಗೆ. ಸಿಗ್ನಲ್‌ನ ಮೊದಲು, ಎಂಜಿನ್ನಿನ ಎರಡರಷ್ಟು ಉದ್ದಕ್ಕೆ, ಒಂದು ಬದಿಯ ಹಳಿಯನ್ನು ಮಾತ್ರ ಎರಡೂ ತುದಿಯಲ್ಲಿ ಪ್ಲಾಸ್ಟಿಕ್ ಜೋಡಣೆ ಹಾಕಿ ಬೇರ್ಪಡಿಸಿ. ರೈಲಿನ ಕಂಟ್ರೋಲರ್‌ನಿಂದ ಆ ಬದಿಯ ಹಳಿಗೆ ಹೋಗುವ ತಂತಿಯ ಕವಲೊಂದನ್ನು ಕಾಮನ್‌ಗೆ ತನ್ನಿ, ಎನ್‌ಓ ಕಾಲಿನಿಂದ ಬೇರ್ಪಟ್ಟ ತುಂಡಿಗೆ ಕೊಡಿ.

ಈಗ ಗುಬಟಿಯನ್ನು 1ಕ್ಕೆ ತಿರುಗಿಸಿ. ಕೆಂಪು ಹತ್ತುತ್ತದೆ, ಗಾಡಿ ತಾನಾಗಿ ಸಿಗ್ನಲ್ ಮುಂದೆ ನಿಲ್ಲುತ್ತದೆ. ಹಸಿರಿಗೆ ತಿರುಗಿಸಿ, ಹೊರಡುತ್ತದೆ. ಹಸಿರು ಇರುವಾಗ ಕಾಯಿಲ್‌ನ ತಂತಿಯೊಂದನ್ನು ಬೇಕೆಂದೇ ಬಿಚ್ಚಿ ನೋಡಿ. ಥಟ್ಟನೆ ಕೆಂಪು! ಅಡಾಪ್ಟರನ್ನೇ ಆರಿಸಿದರೆ ದೀಪ ಆರುತ್ತದೆ, ಆದರೂ ಗಾಡಿ ನಿಲ್ಲುತ್ತದೆ. ದೊಡ್ಡ ರೈಲ್ವೆಯ ನಿಯಮವೂ ಇದೇ. ಇಂಥ ಸಿಗ್ನಲ್‌ನ ದೀಪ ಆರಿದ್ದರೆ ಚಾಲಕ ನಿಲ್ಲಬೇಕು. ಮಕ್ಕಳಿಗೆ ಈ ಪ್ರಯೋಗ ತೋರಿಸಿ. ಹತ್ತು ಪುಟದ ಪಾಠಕ್ಕಿಂತ ಬೇಗ ಅರ್ಥವಾಗುತ್ತದೆ.

ಹಳಿಯ ಕತ್ತರಿಕೆ ಇರುವುದು ಹಳಿಯಿಂದ ಕರೆಂಟು ಪಡೆಯುವ ಸಾದಾ ಡಿಸಿ ರೈಲಿಗೆ ಮಾತ್ರ. ಎಂಜಿನ್ ಹೊಟ್ಟೆಯಲ್ಲೇ ಸೆಲ್ ಇರುವ ಆಟಿಕೆ ರೈಲಾದರೆ ದೀಪದ ಭಾಗವನ್ನಷ್ಟೇ ಮಾಡಿಕೊಳ್ಳಿ.

ಇಷ್ಟು ಎಚ್ಚರ ಇರಲಿ

* ಮುಚ್ಚಿದ ಡಬ್ಬಿಯ 12 ವೋಲ್ಟ್ ಡಿಸಿ ಅಡಾಪ್ಟರ್ ಮಾತ್ರ ಬಳಸಿ. 1 ಆಂಪ್‌ನದು ಇದ್ದರೆ ಹತ್ತಾರು ಸಿಗ್ನಲ್‌ಗೆ ಸಾಕು.
* ದೀಪಾವಳಿಯ ಸೀರಿಯಲ್ ದೀಪದ ಮಾಲೆ ಕತ್ತರಿಸಿ ಸಿಗ್ನಲ್ ಮಾಡಬೇಡಿ. ಅವುಗಳಲ್ಲಿ ಬಹಳಷ್ಟು ನೇರ 230 ವೋಲ್ಟಿಗೆ ಸೇರಿರುತ್ತವೆ. ಬರಿಗೈಗೆ ತಾಗಿದರೆ ಪ್ರಾಣಕ್ಕೇ ಅಪಾಯ.
* ರೈಲಿನ ಕಂಟ್ರೋಲರ್ ಬೇರೆ, ದೀಪದ ಅಡಾಪ್ಟರ್ ಬೇರೆ ಇರಲಿ. ಕಂಟ್ರೋಲರ್‌ನಿಂದಲೇ ದೀಪಕ್ಕೆ ಕೊಟ್ಟರೆ ಗಾಡಿ ನಿಧಾನವಾದಾಗ ದೀಪವೂ ಮಂಕಾಗುತ್ತದೆ.
* ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ದೊಡ್ಡವರು ಪಕ್ಕದಲ್ಲಿರಲಿ. ಬೆಸುಗೆಯಲ್ಲಿ ಸೀಸ ಇರುವುದರಿಂದ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.
* ಕೆಂಪಿಗೆ ಕೆಂಪು ತಂತಿ, ಹಸಿರಿಗೆ ಹಸಿರು ತಂತಿ, ಮೈನಸ್‌ಗೆ ಕಪ್ಪು. ಆರು ತಿಂಗಳ ನಂತರ ಹಲಗೆಯ ಕೆಳಗೆ ತಲೆ ಹಾಕಿದಾಗ ಇದರ ಬೆಲೆ ತಿಳಿಯುತ್ತದೆ.

ಇನ್ನೂ ಆಸೆ ಹುಟ್ಟಿದರೆ ಒಂದು ಭಾನುವಾರ ಕಲ್ಯಾಣ್‌ನಿಂದ ಪುಣೆ ಗಾಡಿ ಹತ್ತಿ, ಕೊಥ್ರೂಡ್‌ನಲ್ಲಿರುವ ಜೋಶಿಯವರ ಕಿರು ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. 1998ರಲ್ಲಿ ತೆರೆದ ಈ ಜಾಗದಲ್ಲಿ ಒಂದು ಇಡೀ ಪುಟ್ಟ ಊರೇ ಇದೆ, ರೈಲುಗಳು ಓಡುತ್ತವೆ. ಹೊರಡುವ ಮುನ್ನ ತೆರೆದಿರುವ ಸಮಯ ವಿಚಾರಿಸಿಕೊಳ್ಳಿ.

ಮೊದಲು ಒಂದೇ ಒಂದು ಸಿಗ್ನಲ್ ಮಾಡಿ. ಅದು ಸರಿಯಾಗಿ ಕೆಂಪಾಗುವುದನ್ನು ಕಲಿತ ಮೇಲೆ ಎರಡನೆಯದು. ನಿಮ್ಮ ಹಲಗೆಯ ಮೇಲಿನ ಊರಿನ ಹೆಸರು ದಿವಾ ಇರಲಿ, ವಾಶಿ ಇರಲಿ, ಊರ ಕಡೆಯ ಕುಂದಾಪುರವೇ ಇರಲಿ, ಅಲ್ಲಿನ ಸಿಗ್ನಲ್ ನಂಬುವಂತಿರಲಿ. ಮಾಡಿ ನೋಡಿದವರು ನಮಗೆ ಬರೆದು ತಿಳಿಸಲು ಮರೆಯಬೇಡಿ.