ಬೋಲ್ಟಿನ ಅಡಿಯ ಮರ

ಮುಂಬಯಿಯ ಗಿರಗಾಂವ್, ಭುಲೇಶ್ವರಗಳ ಹಳೆಯ ಚಾಳುಗಳಲ್ಲಿ ಮಹಡಿಯ ಭಾರ ಹೊರುವುದು ಮರದ ತೊಲೆಗಳು. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮಳೆಗಾಲದ ತೇವ ಹೀರಿ ಮೊದಲು ಕೊಳೆಯುತ್ತದೆ. ಕೊಳೆತಷ್ಟನ್ನು ಕೊಯ್ದು, ಎರಡೂ ಪಕ್ಕಕ್ಕೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿಯುವುದು ದುರಸ್ತಿಯ ಒಂದು ದಾರಿ. ಆ ಜೋಡಣೆಯ ಬಲವನ್ನು ಬೋಲ್ಟಿನ ದಪ್ಪ ನೋಡಿ ಅಳೆಯುವುದು ತಪ್ಪು. ಬೋಲ್ಟು ತುಂಡಾಗುವುದು ಅಪರೂಪ. ಅದಕ್ಕೆ ಮೊದಲೇ ಅದರ ಅಡಿಯ ಮರ ಜಜ್ಜುತ್ತದೆ, ಇಲ್ಲವೇ ಸೀಳುತ್ತದೆ.

ಬೋಲ್ಟಿನ ಅಡಿಯ ಮರ ಎಷ್ಟು ತಾಳುತ್ತದೆ ಎಂಬುದಕ್ಕೆ ಅಮೆರಿಕದ ಟ್ರೇಯರ್ 1932ರಲ್ಲಿ ಪ್ರಯೋಗಗಳಿಂದ ಕೋಷ್ಟಕಗಳನ್ನು ಕೊಟ್ಟ. ಕಾರಣವನ್ನು ಲೆಕ್ಕಕ್ಕೆ ತಂದವನು ಡೆನ್ಮಾರ್ಕಿನ ಯೋಹಾನ್ಸೆನ್, 1949ರಲ್ಲಿ. ಮೋಟಾದ ದಪ್ಪ ಬೋಲ್ಟು ನೆಟ್ಟಗೆ ನಿಂತು ಮರವನ್ನು ಜಜ್ಜುತ್ತದೆ; ಉದ್ದನೆಯ ಸಣಕಲು ಬೋಲ್ಟು ಮರದೊಳಗೇ ಬಾಗುತ್ತದೆ. ಬಾಗುವುದು ಕೊರತೆಯಲ್ಲ. ಮುರಿಯುವ ಮುನ್ನ ಜೋಡಣೆ ಜಾರಿ ಎಚ್ಚರಿಕೆ ಕೊಡುತ್ತದೆ. ಸೀಳುವ ಮರಕ್ಕೆ ಆ ಸೌಜನ್ಯವಿಲ್ಲ.

ಸೌದೆ ಒಡೆಯುವವರು ಬೆಣೆ ಹೊಡೆಯುವುದು ಕೊರಡಿನ ತುದಿಗೆ. ತುದಿಯತ್ತ ಎಳೆಯಲ್ಪಟ್ಟ ಬೋಲ್ಟೂ ಅಂಥದೇ ಬೆಣೆ. ಆದ್ದರಿಂದಲೇ ಮರದ ಕಟ್ಟಡಗಳ ಯುರೋಪಿನ ಸಂಹಿತೆ ಬೋಲ್ಟಿಗೂ ಮರದ ತುದಿಗೂ ನಡುವೆ ವ್ಯಾಸದ 7 ಪಟ್ಟು ಅಂತರ ಕೇಳುತ್ತದೆ, 16 ಮಿ.ಮೀ. ಬೋಲ್ಟಿಗೆ 112 ಮಿ.ಮೀ. ಆಸರೆಯ ಬಳಿ ಬೋಲ್ಟು ತೊಲೆಯ ಮೇಲಂಚಿಗೆ ತೀರ ಹತ್ತಿರವಾದರೆ ಕೆಳಗಿನ ಮರ ನಾರಿನ ಗುಂಟ ಬಿರಿದು ಜೋತುಬೀಳುತ್ತದೆ.

ಹೆಚ್ಚು ಬೋಲ್ಟು ಹಾಕಿದರೆ ಹೆಚ್ಚು ಬಲ ಎಂಬ ಲೆಕ್ಕವೂ ಪೂರ್ತಿ ನಿಜವಲ್ಲ. ತೂತುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಂದೇ ಬೋಲ್ಟು ಮೊದಲು ಭಾರ ಹಿಡಿಯುತ್ತದೆ. ನಾರಿನ ಗುಂಟ ಸಾಲಾಗಿ, ವ್ಯಾಸದ 5 ಪಟ್ಟು ಅಂತರದಲ್ಲಿ ಕೂತ 4 ಬೋಲ್ಟುಗಳನ್ನು ಅದೇ ಸಂಹಿತೆ ಸುಮಾರು 2.7 ಎಂದಷ್ಟೇ ಎಣಿಸುತ್ತದೆ.

ಮುಂಬಯಿಯ ಹವೆ ಇನ್ನೊಂದು ಪೇಚು. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಗೆಗೆ ಅಡ್ಡಗಲಕ್ಕೆ ಕುಗ್ಗಿ ನಟ್ಟು ಸಡಿಲವಾಗುತ್ತದೆ. ಮತ್ತೆ ಬಿಗಿದರೆ ಅದು ಸರಿಹೋದೀತು. ಒಂದೇ ಉಕ್ಕಿನ ಪಟ್ಟಿಯಲ್ಲಿ ಮೇಲೊಂದು ಕೆಳಗೊಂದು ಸಾಲು ಬೋಲ್ಟು ದೂರ ದೂರ ಇದ್ದರೆ ಕಷ್ಟ: ಉಕ್ಕು ಕುಗ್ಗದು, ಕುಗ್ಗಲು ಬಿಡದು, ಭಾರವೇ ಇಲ್ಲದೆ ಮರ ನಡುವೆ ಸೀಳುತ್ತದೆ.

ಬೋಲ್ಟಿನ ತುಕ್ಕಿನ ಮಟ್ಟಿಗೆ ಸಾಗುವಾನಿ ಪುಣ್ಯವಂತ ಮರ. ಓಕ್ ಮರದ ಟ್ಯಾನಿನ್ ಕಬ್ಬಿಣವನ್ನು ತಿನ್ನುತ್ತದೆ, ಸಾಗುವಾನಿಯ ಎಣ್ಣೆ ಕಾಯುತ್ತದೆ. ಮುಂಬಯಿ ಹಡಗುಕಟ್ಟೆಯಲ್ಲಿ ವಾಡಿಯಾ ಕುಟುಂಬದವರು ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ.