ಡಿಜಿಟಲ್ ಸಹಿಯ ಖಾಸಗಿ ಕೀಲಿ: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ದಿನಾಂಕ 17-10-2000ರಂದು ಜಾರಿಗೆ ಬಂದಿದ್ದು, ಅದರ ಮೇರೆಗೆ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಕಾನೂನು ಮಾನ್ಯತೆ ದೊರೆತಿರುತ್ತದೆ. ಇ-ಟೆಂಡರ್‌ಗಳಲ್ಲಿ ಭಾಗವಹಿಸುವ ಗುತ್ತಿಗೆದಾರರು ಹಾಗೂ ಕಂಪನಿಗಳ ನಿರ್ದೇಶಕರು ಈ ಸಹಿಯನ್ನು ಬಳಸುತ್ತಾರೆ. ನಾಡಕಚೇರಿಗಳ ಮೂಲಕ ವಿತರಿಸಲಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೂ ಅಧಿಕಾರಿಗಳ ಡಿಜಿಟಲ್ ಸಹಿ ಇರುತ್ತದೆ.

ಡಿಜಿಟಲ್ ಸಹಿ ಎಂದರೆ ಸ್ಕ್ಯಾನ್ ಮಾಡಿದ ಸಹಿಯ ಚಿತ್ರವಲ್ಲ. ಇದರಲ್ಲಿ ಒಂದಕ್ಕೊಂದು ಹೊಂದಿಕೊಂಡ ಎರಡು ಕೀಲಿಗಳಿರುತ್ತವೆ. ಖಾಸಗಿ ಕೀಲಿಯಿಂದ ಸಹಿ ಮಾಡಲಾಗುತ್ತದೆ. ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಆ ಸಹಿಯನ್ನು ಪರಿಶೀಲಿಸಬಹುದು. ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಪರಿಶೀಲನೆ ವಿಫಲವಾಗುತ್ತದೆ. ಸಾರ್ವಜನಿಕ ಕೀಲಿಯ ಪರಿಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್ ಹಾಗೂ ಏಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನವು ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಸರಿಯಾಗಿ ಸೃಷ್ಟಿಸಿದ 2048 ಬಿಟ್ ಉದ್ದದ ಆರ್‌ಎಸ್‌ಎ ಕೀಲಿಯನ್ನು ಲೆಕ್ಕಾಚಾರದಿಂದ ಭೇದಿಸಿದ ನಿದರ್ಶನವಿಲ್ಲ.

ಹಾಗಿದ್ದರೂ ಡಿಜಿಟಲ್ ಸಹಿಗಳ ದುರ್ಬಳಕೆಗೆ ಅವಕಾಶವಿದೆ. ವಿಶ್ವವಿದ್ಯಾಲಯಗಳ ನೆಟ್‌ವರ್ಕ್ ಭದ್ರತೆಯ ಪಠ್ಯಕ್ರಮದಲ್ಲಿ ಗೂಢಲಿಪಿಯ ಗಣಿತದ ಜೊತೆಗೆ ಕೀಲಿ ನಿರ್ವಹಣೆಯನ್ನು, ಅಂದರೆ ಕೀಲಿಯ ಸೃಷ್ಟಿ, ಸಂಗ್ರಹ, ಬಳಕೆ, ರದ್ದತಿ ಮತ್ತು ನಾಶವನ್ನು, ಬೋಧಿಸುವುದು ಈ ಕಾರಣಕ್ಕಾಗಿಯೇ. ಗಣಿತಕ್ಕೆ ಹೋಲಿಸಿದರೆ ಈ ಭಾಗ ನೀರಸವೆನಿಸಬಹುದು. ವ್ಯವಸ್ಥೆ ಕುಸಿಯುವುದು ಮಾತ್ರ ಬಹುತೇಕ ಇಲ್ಲಿಯೇ. ನೆದರ್ಲೆಂಡ್ಸ್ ದೇಶದ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆಯ ಗಣಕಯಂತ್ರಗಳು 2011ರಲ್ಲಿ ಅಕ್ರಮವಾಗಿ ಪ್ರವೇಶಿಸಿದವರ ಹಿಡಿತಕ್ಕೆ ಸಿಕ್ಕವು. 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಸೃಷ್ಟಿಯಾದವು. ಅಲ್ಲಿನ ಸರ್ಕಾರವೂ ಆ ಸಂಸ್ಥೆಯ ಪ್ರಮಾಣಪತ್ರಗಳ ಮೇಲಿನ ವಿಶ್ವಾಸವನ್ನು ಹಿಂತೆಗೆದುಕೊಂಡಿತು; ಅದೇ ವರ್ಷ ಸಂಸ್ಥೆಯು ದಿವಾಳಿಯಾಯಿತು. ಈ ಪ್ರಕರಣದಲ್ಲಿ ಗೂಢಲಿಪಿಯ ಗಣಿತವನ್ನು ಯಾರೂ ಭೇದಿಸಿರಲಿಲ್ಲ.

ಭಾರತದಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳು ಮಾತ್ರ ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ನೀಡಬಹುದಾಗಿದೆ. ಸಾಮಾನ್ಯವಾಗಿ ಖಾಸಗಿ ಕೀಲಿಯು ಯುಎಸ್‌ಬಿ ಟೋಕನ್‌ನ ಒಳಗೆ ಸೃಷ್ಟಿಯಾಗಿ ಅಲ್ಲಿಯೇ ಉಳಿಯುತ್ತದೆ. ಪಿನ್ ಸಂಖ್ಯೆಯನ್ನು ಪದೇ ಪದೇ ತಪ್ಪಾಗಿ ನಮೂದಿಸಿದಲ್ಲಿ ಟೋಕನ್ ಸ್ಥಗಿತಗೊಳ್ಳುತ್ತದೆ. ಇಂತಹ ಏರ್ಪಾಡಿದ್ದರೂ ಟೋಕನ್ ಮತ್ತು ಪಿನ್ ಎರಡನ್ನೂ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಅಥವಾ ಅರ್ಜಿ ಭರ್ತಿ ಮಾಡಿಕೊಡುವ ಮಧ್ಯವರ್ತಿಗಳ ಬಳಿ ಬಿಟ್ಟಿರುವ ರೂಢಿ ಇದೆ. ಇದು ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನು ಒಪ್ಪಿಸಿದಂತೆಯೇ ಸರಿ. ಅಧಿನಿಯಮದ 42ನೇ ಪ್ರಕರಣದಂತೆ ಖಾಸಗಿ ಕೀಲಿಯ ನಿಯಂತ್ರಣವನ್ನು ಯುಕ್ತ ಎಚ್ಚರಿಕೆಯಿಂದ ಉಳಿಸಿಕೊಳ್ಳುವುದು ಪ್ರಮಾಣಪತ್ರ ಹೊಂದಿದವರ ಕರ್ತವ್ಯ. ಕೀಲಿಯು ಅನ್ಯರ ಕೈಸೇರಿದಲ್ಲಿ, ಆ ವಿಷಯವನ್ನು ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸುವವರೆಗೆ ಹೊಣೆಗಾರಿಕೆಯು ಪ್ರಮಾಣಪತ್ರ ಹೊಂದಿದವರ ಮೇಲೆಯೇ ಇರುತ್ತದೆ. ಮತ್ತೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸಿದವರಿಗೆ 66ಸಿ ಪ್ರಕರಣದಡಿ ಮೂರು ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಸಹಿಯ ಕೀಲಿ ಹಾಗೂ ಗೂಢಲೇಖನದ ಕೀಲಿ ಬೇರೆ ಬೇರೆ ಎಂಬುದನ್ನು ಇ-ಟೆಂಡರ್‌ನಲ್ಲಿ ಭಾಗವಹಿಸುವವರು ವಿಶೇಷವಾಗಿ ಗಮನಿಸತಕ್ಕದ್ದು. ಸಹಿಯ ಕೀಲಿಗೆ ಪ್ರತಿ ಇರಬಾರದು. ಅದು ಕಳೆದುಹೋದಲ್ಲಿ ಹೊಸದನ್ನು ಪಡೆದರೆ ಸಾಕು. ಗೂಢಲೇಖನದ ಕೀಲಿಯ ವಿಷಯ ಇದಕ್ಕೆ ತದ್ವಿರುದ್ಧ. ಅದು ನಷ್ಟವಾದಲ್ಲಿ ಅದಕ್ಕಾಗಿ ಗೂಢಲೇಖನಗೊಳಿಸಿದ ಕಡತಗಳನ್ನು ತೆರೆಯಲಾಗದು. ಆದ್ದರಿಂದ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಕಾರಣಕ್ಕೆ ಹಳೆಯ ಗೂಢಲೇಖನ ಕೀಲಿಯನ್ನು ಅಳಿಸಬಾರದು.

ಟೋಕನ್ ಕಳೆದುಹೋದಲ್ಲಿ ಅಥವಾ ಪಿನ್ ಅನ್ಯರಿಗೆ ತಿಳಿದಿದೆಯೆಂಬ ಸಂಶಯ ಬಂದಲ್ಲಿ, ಪ್ರಮಾಣಪತ್ರವನ್ನು ನೀಡಿದ ಸಂಸ್ಥೆಗೆ ತಡಮಾಡದೆ ರದ್ದತಿ ಕೋರಿಕೆಯನ್ನು ಸಲ್ಲಿಸತಕ್ಕದ್ದು. ರದ್ದಾದ ಪ್ರಮಾಣಪತ್ರದ ಕ್ರಮಸಂಖ್ಯೆಯನ್ನು ಸಂಸ್ಥೆಯು ತನ್ನ ರದ್ದತಿ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಈ ಕ್ರಮಸಂಖ್ಯೆಯನ್ನು ಮೊದಲೇ ಬರೆದು ಟೋಕನ್‌ನಿಂದ ಬೇರೆಡೆ ಇರಿಸಿಕೊಂಡಲ್ಲಿ ಕೋರಿಕೆ ಸಲ್ಲಿಸುವುದು ಸುಲಭವಾಗುತ್ತದೆ.