ಕೈಯಲ್ಲೇ ಉಳಿದುಬಿಡುವ ಡ್ರ್ಯಾಗನ್

ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ಕಜುಕಿ ತಕಹಾಶಿ 1996ರಲ್ಲಿ ಶುರುಮಾಡಿದ ‘ಯೂ-ಗಿ-ಓ’ ಚಿತ್ರಕಥೆಯಲ್ಲಿ ಸೇಟೊ ಕೈಬಾ ಎಂಬ ಸಿರಿವಂತ ಹುಡುಗನೊಬ್ಬ ಬರುತ್ತಾನೆ. ಜಗತ್ತಿನಲ್ಲೆಲ್ಲ ನಾಲ್ಕೇ ನಾಲ್ಕು ಇರುವ ‘ಬ್ಲೂ-ಐಸ್ ವೈಟ್ ಡ್ರ್ಯಾಗನ್’ ಕಾರ್ಡುಗಳ ಪೈಕಿ ಮೂರು ಅವನ ಪಾಲಾಗುತ್ತವೆ. ನಾಲ್ಕನೆಯದು ಕಥಾನಾಯಕ ಯೂಗಿಯ ಅಜ್ಜನ ಬಳಿ ಇರುತ್ತದೆ. ಆಟದಲ್ಲಿ ಅಜ್ಜನನ್ನು ಸೋಲಿಸಿ ಅದನ್ನೂ ಕಿತ್ತುಕೊಂಡ ಕೈಬಾ, ಇಟ್ಟುಕೊಳ್ಳದೆ ಅಲ್ಲೇ ಹರಿದು ಹಾಕುತ್ತಾನೆ. ಒಂದು ಡೆಕ್ಕಿನಲ್ಲಿ ಒಂದೇ ಕಾರ್ಡು ಮೂರಕ್ಕಿಂತ ಹೆಚ್ಚು ಇರುವಂತಿಲ್ಲ. ಮಿಕ್ಕಿದ ನಾಲ್ಕನೆಯದು ಬೇರೆಯವರ ಕೈ ಸೇರಿದರೆ ನಾಳೆ ತನ್ನ ಮೇಲೇ ತಿರುಗಿ ಬಿದ್ದೀತು ಎಂಬುದು ಅವನ ಲೆಕ್ಕ.

ಕಥೆಯಲ್ಲಿ ಇಷ್ಟು ರಂಪ ಮಾಡಿಸಿದ ಈ ಕಾರ್ಡು ನಿಜವಾದ ಆಟದಲ್ಲಿ ಮೊದಲ ಕೈಗೇ ಬಂದರೆ ಆಟಗಾರನ ಮುಖ ಬಾಡುತ್ತದೆ. ಥೀಮ್ ಡೆಕ್ ಒಂದನ್ನು ಸ್ಪರ್ಧೆಗೆ ಹದಗೊಳಿಸುವ ಕೆಲಸ ಏನು ಎಂದು ತಿಳಿಯಬೇಕಾದರೆ ಈ ವಿಚಿತ್ರದಿಂದಲೇ ಹೊರಡುವುದು ವಾಸಿ.

ಇಸ್ಪೀಟಿನಲ್ಲಿ ಮೇಜಿನ ಮೇಲಿರುವುದು ಎಲ್ಲರಿಗೂ ಸೇರಿದ ಕಟ್ಟು. ಟ್ರೇಡಿಂಗ್ ಕಾರ್ಡ್ ಗೇಮ್‌ಗಳಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಜೋಡಿಸಿಕೊಂಡು ಬರುತ್ತಾರೆ, ಅದಕ್ಕೆ ಡೆಕ್ ಎಂದು ಹೆಸರು. ತಕಹಾಶಿಯ ಕಥೆಯೊಳಗಿನ ಆಟವನ್ನು ಕೊನಾಮಿ ಕಂಪನಿ 1999ರಲ್ಲಿ ಜಪಾನಿನಲ್ಲೂ 2002ರಲ್ಲಿ ಅಮೆರಿಕದಲ್ಲೂ ನಿಜವಾದ ಕಾರ್ಡುಗಳಾಗಿ ಮಾರುಕಟ್ಟೆಗೆ ತಂದಿತು. 2011ರ ಹೊತ್ತಿಗೆ 2,500 ಕೋಟಿಗೂ ಹೆಚ್ಚು ಕಾರ್ಡುಗಳು ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿದವು. ಹೊಸಬರು ಇಷ್ಟೊಂದು ಕಾರ್ಡುಗಳ ನಡುವೆ ಕಂಗಾಲಾಗದಿರಲಿ ಎಂದು ಕಂಪನಿಯೇ ಒಂದು ಪಾತ್ರವನ್ನೋ ಕಲ್ಪನೆಯನ್ನೋ ಹಿಡಿದು ಸಿದ್ಧ ಡೆಕ್‌ಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತದೆ, ಇವೇ ಥೀಮ್ ಡೆಕ್. ಪೆಟ್ಟಿಗೆ ಒಡೆದ ದಿನವೇ ಮನೆಯಲ್ಲಿ ಕೂತು ಆಡಬಹುದು. ಅದನ್ನೇ ಟೂರ್ನಮೆಂಟಿಗೆ ಒಯ್ದರೆ ಎರಡು ಸುತ್ತಿನಲ್ಲಿ ಮನೆಗೆ ವಾಪಸು.

ಕಾರಣ ಬಲದ ಕೊರತೆಯಲ್ಲ. 2002ರ ‘ಸ್ಟಾರ್ಟರ್ ಡೆಕ್: ಕೈಬಾ’ದಲ್ಲಿ 50 ಕಾರ್ಡುಗಳಿದ್ದವು. ಬ್ಲೂ-ಐಸ್ ಡ್ರ್ಯಾಗನ್ ಇತ್ತು, ಡ್ರ್ಯಾಗನ್‌ಗಳ ಒಡೆಯ ‘ಲಾರ್ಡ್ ಆಫ್ ಡಿ.’ ಇದ್ದ, ಅವನು ಅಂಗಳದಲ್ಲಿದ್ದಾಗ ಊದಿದರೆ ಕೈಯಲ್ಲಿರುವ ಎರಡು ಡ್ರ್ಯಾಗನ್‌ಗಳನ್ನು ಪುಕ್ಕಟೆಯಾಗಿ ಇಳಿಸಬಲ್ಲ ಕೊಳಲೂ ಇತ್ತು. ಎಂಥ ಸೊಗಸಾದ ತ್ರಿಕೂಟ! ಆದರೆ ಮೂರೂ ಒಂದೊಂದೇ ಪ್ರತಿ. ಆಟ ಶುರುವಾಗುವಾಗ ಕೈಗೆ ಸಿಗುವುದು ಐದು ಕಾರ್ಡು. ಐವತ್ತರಲ್ಲಿ ಆ ಮೂರೂ ಮೊದಲ ಐದರಲ್ಲೇ ಬರುವ ಸಾಧ್ಯತೆ 1,960ಕ್ಕೆ ಒಂದು. ಆಟ ಬೆಳೆದಂತೆ ಇನ್ನಷ್ಟು ಕಾರ್ಡು ಎಳೆಯಬಹುದು, ನಿಜ. ಈಗಿನ ಆಟದ ವೇಗದಲ್ಲಿ ಅಷ್ಟು ಹೊತ್ತು ಎದುರಾಳಿ ಕಾಯುವುದಿಲ್ಲ.

ಥೀಮ್ ಡೆಕ್ಕಿನ ಹಣೆಬರಹ ಇದೇ. ಒಂದು ಕಥೆಯ ಎಲ್ಲ ಪಾತ್ರಗಳನ್ನೂ ತೋರಿಸುವುದು ಅದರ ಉದ್ದೇಶ, ಹಾಗಾಗಿ ಎಲ್ಲವೂ ಒಂದೊಂದು. ಸ್ಪರ್ಧೆಯ ಡೆಕ್ಕಿಗೆ ಬೇಕಾದದ್ದು ತದ್ವಿರುದ್ಧ: ನೂರು ಸಲ ಆಡಿದರೂ ಹೆಚ್ಚುಕಡಿಮೆ ಅದೇ ಆರಂಭ ಸಿಗಬೇಕು.

ಆದ್ದರಿಂದ ಪೆಟ್ಟಿಗೆ ಒಡೆದವರು ಮಾಡುವ ಮೊದಲ ಕೆಲಸ ಕಾರ್ಡು ಸೇರಿಸುವುದಲ್ಲ, ತೆಗೆಯುವುದು. ನಿಯಮದ ಪ್ರಕಾರ ಮುಖ್ಯ ಡೆಕ್ಕಿನಲ್ಲಿ 40ರಿಂದ 60 ಕಾರ್ಡು ಇರಬಹುದು. ಪಳಗಿದವರಲ್ಲಿ ಬಹುಪಾಲು ಜನ ನಲವತ್ತರ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಆಟವನ್ನು ಒಬ್ಬಂಟಿಯಾಗಿ ಚಾಲೂ ಮಾಡಬಲ್ಲ ಕಾರ್ಡಿಗೆ ಆಟಗಾರರು ‘ಸ್ಟಾರ್ಟರ್’ ಎನ್ನುತ್ತಾರೆ. ನಲವತ್ತರಲ್ಲಿ 9 ಸ್ಟಾರ್ಟರ್‌ಗಳಿದ್ದರೆ ಮೊದಲ ಕೈಯಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 74. ಹನ್ನೆರಡಕ್ಕೆ ಏರಿಸಿದರೆ ಶೇ. 85, ಹದಿನೈದಾದರೆ ಶೇ. 92. ಅದೇ ಹನ್ನೆರಡನ್ನು 60 ಕಾರ್ಡಿನ ಡೆಕ್ಕಿನಲ್ಲಿ ಹಾಕಿದರೆ ಶೇ. 69ಕ್ಕೆ ಇಳಿಯುತ್ತದೆ. ‘ಇದೂ ಒಂದಿರಲಿ’ ಎಂದು ತುರುಕಿದ ಇಪ್ಪತ್ತು ಕಾರ್ಡುಗಳ ಬೆಲೆ ಅದು.

ಈಗ ಆ ಡ್ರ್ಯಾಗನ್ನಿನ ಕಷ್ಟಕ್ಕೆ ಬರೋಣ. ಬ್ಲೂ-ಐಸ್ ಎಂಟನೇ ಲೆವೆಲ್ಲಿನ ಮಾನ್‌ಸ್ಟರ್, ದಾಳಿ 3000, ರಕ್ಷಣೆ 2500. ಆಟಗಾರನಿಗಿರುವುದು 8000 ಲೈಫ್ ಪಾಯಿಂಟ್, ಆದ್ದರಿಂದ ತಡೆಯಿಲ್ಲದ ಮೂರು ಏಟಿಗೆ ಆಟ ಮುಗಿಯುತ್ತದೆ. ಆದರೆ ಏಳಕ್ಕಿಂತ ಕಡಿಮೆಯಿಲ್ಲದ ಲೆವೆಲ್ಲಿನ ಮಾನ್‌ಸ್ಟರನ್ನು ಸಾಮಾನ್ಯ ರೀತಿಯಲ್ಲಿ ಇಳಿಸಲು ಅಂಗಳದಲ್ಲಿರುವ ಎರಡು ಮಾನ್‌ಸ್ಟರ್‌ಗಳನ್ನು ಬಲಿ ಕೊಡಬೇಕು, ಹಾಗೆ ಇಳಿಸುವ ಅವಕಾಶವೋ ಒಂದು ಸರದಿಗೆ ಒಂದೇ ಸಲ. ಅಷ್ಟರೊಳಗೆ ಆಟ ಕೈಬಿಟ್ಟು ಹೋಗಿರುತ್ತದೆ. ಹೀಗೆ ಕೈಯಲ್ಲಿ ಕೂತು ಏನೂ ಮಾಡದ ಕಾರ್ಡಿಗೆ ಆಟಗಾರರ ಬಾಯಲ್ಲಿ ‘ಬ್ರಿಕ್’ ಎಂಬ ಹೆಸರಿದೆ. ಡೆಕ್ಕಿನ ಹೆಸರು ಹೊತ್ತ ನಾಯಕನೇ ಡೆಕ್ಕಿನ ದೊಡ್ಡ ಬ್ರಿಕ್!

ತೆಗೆದುಹಾಕೋಣವೆಂದರೆ ಮಿಕ್ಕ ಕಾರ್ಡುಗಳೆಲ್ಲ ಅವನನ್ನೇ ಕೇಳುತ್ತವೆ. ಉದಾಹರಣೆಗೆ 2016ರಲ್ಲಿ ಬಳಕೆಗೆ ಬಂದ ‘ಬ್ಲೂ-ಐಸ್ ಆಲ್ಟರ್ನೇಟಿವ್ ವೈಟ್ ಡ್ರ್ಯಾಗನ್’. ಕೈಯಲ್ಲಿರುವ ಮೂಲ ಬ್ಲೂ-ಐಸನ್ನು ಎದುರಾಳಿಗೆ ತೋರಿಸಿದರೆ ಸಾಕು, ಬಲಿಯಿಲ್ಲದೆ ಇದು ಅಂಗಳಕ್ಕಿಳಿಯುತ್ತದೆ. ಇದರ ದಾಳಿಯೂ 3000. ಆ ಸರದಿಯ ದಾಳಿಯನ್ನು ಬಿಟ್ಟುಕೊಟ್ಟರೆ ಎದುರಾಳಿಯ ಒಂದು ಮಾನ್‌ಸ್ಟರನ್ನು ಸುಟ್ಟು ಹಾಕಬಲ್ಲದು. ತೊಡಕೆಂದರೆ ಎರಡೂ ಒಟ್ಟಿಗೆ ಕೈಗೆ ಬರಬೇಕು. ಎರಡನ್ನೂ ಮೂರು ಮೂರು ಪ್ರತಿ ಇಟ್ಟುಕೊಂಡರೂ ಮೊದಲ ಐದರಲ್ಲಿ ಜೋಡಿ ಸಿಗುವುದು ಹತ್ತು ಆಟಕ್ಕೆ ಒಂದು ಸಲ.

ಪರಿಹಾರ ಸಿಕ್ಕಿದ್ದು ಹುಡುಕಿ ತರುವ ಕಾರ್ಡುಗಳಲ್ಲಿ. ‘ದ ಮೆಲಡಿ ಆಫ್ ಅವೇಕನಿಂಗ್ ಡ್ರ್ಯಾಗನ್’ ಎಂಬುದೊಂದಿದೆ: ಕೈಯಿಂದ ಒಂದು ಕಾರ್ಡು ಎಸೆದರೆ ಡೆಕ್ಕಿನಿಂದ ಎರಡು ದೊಡ್ಡ ಡ್ರ್ಯಾಗನ್‌ಗಳನ್ನು ಕೈಗೆ ತರಬಹುದು. ಒಂದು ಮೂಲ ಬ್ಲೂ-ಐಸ್, ಇನ್ನೊಂದು ಆಲ್ಟರ್ನೇಟಿವ್. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಇಳಿಸಿದ್ದಾಯಿತು. ಕೈಯಲ್ಲುಳಿದ ಮೂಲ ಡ್ರ್ಯಾಗನ್ನಿನ ಗತಿಯೇನು? ‘ಟ್ರೇಡ್-ಇನ್’ ಕಾರ್ಡಿಗೆ ಎಂಟನೇ ಲೆವೆಲ್ಲಿನ ಮಾನ್‌ಸ್ಟರೊಂದನ್ನು ಒಪ್ಪಿಸಿದರೆ ಡೆಕ್ಕಿನಿಂದ ಎರಡು ಹೊಸ ಕಾರ್ಡು ಎಳೆಯಬಹುದು. ಇನ್ನು ಮೆಲಡಿಗಾಗಿ ಎಸೆದದ್ದು ‘ವೈಟ್ ಸ್ಟೋನ್ ಆಫ್ ಏನ್ಶಿಯೆಂಟ್ಸ್’ ಆಗಿದ್ದರೆ, ಅದೇ ಸರದಿಯ ಕೊನೆಗೆ ಆ ಕಲ್ಲು ಡೆಕ್ಕಿನಿಂದ ಮತ್ತೊಂದು ಬ್ಲೂ-ಐಸನ್ನು ನೇರವಾಗಿ ಅಂಗಳಕ್ಕೆ ಕರೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಎರಡು ಡ್ರ್ಯಾಗನ್ ಅಂಗಳದಲ್ಲಿವೆ, ಎರಡು ಹೊಸ ಕಾರ್ಡು ಕೈಯಲ್ಲಿವೆ, ಸರದಿಗೊಂದೇ ಇರುವ ಸಾಮಾನ್ಯ ಇಳಿಕೆಯನ್ನು ಇನ್ನೂ ಮುಟ್ಟಿಯೇ ಇಲ್ಲ.

ಆ ಇಳಿಕೆಯನ್ನು ‘ಸೇಜ್ ವಿತ್ ಐಸ್ ಆಫ್ ಬ್ಲೂ’ ಎಂಬ ಪುಟ್ಟ ಮಾನ್‌ಸ್ಟರಿಗೆ ಮೀಸಲಿಡುತ್ತಾರೆ. ಇಳಿದ ಕೂಡಲೇ ತನ್ನಂಥದೇ ಒಂದನೇ ಲೆವೆಲ್ಲಿನ ‘ಟ್ಯೂನರ್’ (ಬೇರೆ ಮಾನ್‌ಸ್ಟರಿನ ಲೆವೆಲ್ಲಿಗೆ ತನ್ನದನ್ನು ಕೂಡಿಸಬಲ್ಲ ಮಾನ್‌ಸ್ಟರ್) ಒಂದನ್ನು, ಬೇಕಾದರೆ ಮೇಲೆ ಹೇಳಿದ ಕಲ್ಲನ್ನೇ, ಡೆಕ್ಕಿನಿಂದ ಹುಡುಕಿ ಕೊಡುತ್ತದೆ. ಆಮೇಲೆ ಎಂಟನೇ ಲೆವೆಲ್ಲಿನ ಡ್ರ್ಯಾಗನ್ನಿನ ಜೊತೆ ಕೂಡಿ ಒಂಬತ್ತಾಗುತ್ತದೆ. ಹೀಗೆ ಕೂಡಿಸಿ ತರುವ ಮಾನ್‌ಸ್ಟರ್‌ಗಳು ‘ಎಕ್ಸ್‌ಟ್ರಾ ಡೆಕ್’ ಎಂಬ 15 ಕಾರ್ಡುಗಳ ಬೇರೆ ಕಟ್ಟಿನಲ್ಲಿರುತ್ತವೆ. ಅದನ್ನು ಅದೃಷ್ಟದಿಂದ ಎಳೆಯಬೇಕಿಲ್ಲ, ಆಟದುದ್ದಕ್ಕೂ ಕೈಗೆಟಕುವಂತಿರುತ್ತದೆ. ಹೊಸಬರು ಇದನ್ನು ಉಡಾಫೆ ಮಾಡುವುದೇ ಹೆಚ್ಚು. ಡೆಕ್ ಬಲಪಡಿಸಲು ದುಡ್ಡು ಹಾಕಬೇಕಾದ ಮೊದಲ ಜಾಗ ಇದು ಎಂದರೂ ತಪ್ಪಿಲ್ಲ.

ಒಂಬತ್ತರ ಆ ಡ್ರ್ಯಾಗನ್ನಿನ ಹೆಸರು ‘ಬ್ಲೂ-ಐಸ್ ಸ್ಪಿರಿಟ್ ಡ್ರ್ಯಾಗನ್’. ದಾಳಿ ಬರೀ 2500, ಮೂಲ ಡ್ರ್ಯಾಗನ್ನಿಗಿಂತ ಕಡಿಮೆ. ಆದರೆ ಇದು ಅಂಗಳದಲ್ಲಿರುವವರೆಗೆ ಇಬ್ಬರಲ್ಲಿ ಯಾರೂ ಎರಡೋ ಹೆಚ್ಚೋ ಮಾನ್‌ಸ್ಟರ್‌ಗಳನ್ನು ಏಕಕಾಲಕ್ಕೆ ವಿಶೇಷವಾಗಿ, ಅಂದರೆ ಸಾಮಾನ್ಯ ಇಳಿಕೆಯ ಹೊರತಾಗಿ, ಇಳಿಸುವಂತಿಲ್ಲ. 2014ರಲ್ಲಿ ಬಂದ ಪೆಂಡುಲಂ ಪದ್ಧತಿಯ ಜೀವಾಳವೇ ಒಂದೇ ಏಟಿಗೆ ಹಲವು ಮಾನ್‌ಸ್ಟರ್‌ಗಳನ್ನು ಇಳಿಸುವುದು. ಅಂಥ ಡೆಕ್‌ಗಳು ಅಬ್ಬರಿಸುತ್ತಿದ್ದ ಕಾಲದಲ್ಲಿ ಈ ಒಂದು ಸಾಲು 3000ದ ದಾಳಿಗಿಂತ ಹೆಚ್ಚು ಕೆಲಸ ಮಾಡಿತು. 2016ರ ಆಗಸ್ಟಿನಲ್ಲಿ ಅಮೆರಿಕದ ಓರ್ಲಾಂಡೊದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಜಪಾನಿನ ಶುನ್ಸುಕೆ ಹಿಯಾಮಾ ಗೆದ್ದದ್ದು ಬ್ಲೂ-ಐಸ್ ಡೆಕ್ಕಿನಿಂದಲೇ.

ಆ ಯಶಸ್ಸಿನಲ್ಲಿ ಬಿಟ್ಟ ಕಾರ್ಡುಗಳ ಪಾಲೂ ಇದೆ. ಕಥೆಯ ಅಭಿಮಾನಿಗಳಿಗೆ ಮೂರು ತಲೆಯ ‘ಬ್ಲೂ-ಐಸ್ ಅಲ್ಟಿಮೇಟ್ ಡ್ರ್ಯಾಗನ್’ ಎಂದರೆ ಪ್ರಾಣ, ಅದರ ದಾಳಿ 4500. ಅದನ್ನು ನೆಟ್ಟಗೆ ತರಲು ಮೂರು ಬ್ಲೂ-ಐಸ್ ಮತ್ತು ಒಂದು ‘ಪಾಲಿಮರೈಸೇಶನ್’ ಬೇಕು. ಐದರಲ್ಲಿ ನಾಲ್ಕು ಕಾರ್ಡು ಸುರಿದು ಒಂದನ್ನು ತಂದದ್ದು. ಎದುರಾಳಿ ಒಂದೇ ಕಾರ್ಡಿನಿಂದ ಅದನ್ನು ಉರುಳಿಸಿದರೆ ಆಮೇಲೆ ಕೈಯಲ್ಲಿ ಏನುಳಿಯಿತು? ಇಂಥ ಕಾರ್ಡನ್ನು ಹಳೆಯ ರೀತಿಯಲ್ಲಿ ಆಡಲು ಹೊರಡುವುದು ಭಾವುಕತೆ, ಅದಕ್ಕೆ ಟೂರ್ನಮೆಂಟಿನಲ್ಲಿ ದಂಡ ತೆರಲೇಬೇಕು.

2017ರಿಂದ ಲೆಕ್ಕಾಚಾರ ಇನ್ನಷ್ಟು ಬಿಗಿಯಾಯಿತು. ಆ ವರ್ಷ ಬಂದ ‘ಆ್ಯಶ್ ಬ್ಲಾಸಮ್ ಆ್ಯಂಡ್ ಜಾಯಸ್ ಸ್ಪ್ರಿಂಗ್’ ಎಂಬ ಕಾರ್ಡನ್ನು ಎದುರಾಳಿ ತನ್ನ ಕೈಯಿಂದಲೇ ಎಸೆದು, ಡೆಕ್ಕಿನಿಂದ ಹುಡುಕಿ ತರುವ ಕೆಲಸವನ್ನು ಅಲ್ಲೇ ರದ್ದು ಮಾಡಬಹುದು. ಮೆಲಡಿಯ ಗಂಟಲು ಹಿಚುಕಿದಂತೆ. ಇಂಥವಕ್ಕೆ ‘ಹ್ಯಾಂಡ್ ಟ್ರ್ಯಾಪ್’ ಎನ್ನುತ್ತಾರೆ. ಅವು ಯಾವ ಥೀಮಿಗೂ ಸೇರಿದವಲ್ಲ, ಆದರೂ ಸ್ಪರ್ಧೆಯ ಡೆಕ್ಕಿನಲ್ಲಿ ಒಂಬತ್ತು, ಹತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಜಾಗ ಹಿಡಿಯುತ್ತವೆ. ಥೀಮಿನ ಕಾರ್ಡುಗಳು ಇನ್ನಷ್ಟು ಒತ್ತರಿಸಿಕೊಳ್ಳಬೇಕಾಗುತ್ತದೆ. ಖರ್ಚಿನ ದೃಷ್ಟಿಯಿಂದ ಮಾತ್ರ ಇವು ಲಾಭವೇ: ಥೀಮ್ ಬದಲಾದರೂ ಹೊಸ ಡೆಕ್ಕಿಗೆ ಹಾಗೇ ಎತ್ತಿಕೊಂಡು ಹೋಗಬಹುದು. ಮರುಮುದ್ರಣ ಬರುವವರೆಗೆ ತಾಳ್ಮೆಯಿದ್ದರೆ ಬೆಲೆಯೂ ಇಳಿಯುತ್ತದೆ.

ಸಿದ್ಧ ಡೆಕ್‌ಗಳೂ ಈ ನಡುವೆ ಬದಲಾಗಿವೆ. ಈಗಿನ ‘ಸ್ಟ್ರಕ್ಚರ್ ಡೆಕ್’ ಕೊಳ್ಳುವವರ ರೂಢಿ ಒಂದೇ ಬಗೆಯ ಮೂರು ಪೆಟ್ಟಿಗೆ ತರುವುದು. ಒಂದೊಂದೇ ಇರುವ ಮುಖ್ಯ ಕಾರ್ಡುಗಳು ಆಗ ಮೂರು ಮೂರಾಗುತ್ತವೆ, ಉಳಿದದ್ದು ಡಬ್ಬಿಗೆ. 2025ರ ಫೆಬ್ರವರಿಯಲ್ಲಿ ಪಶ್ಚಿಮದ ದೇಶಗಳಲ್ಲಿ ಬಿಡುಗಡೆಯಾದ ‘ಬ್ಲೂ-ಐಸ್ ವೈಟ್ ಡೆಸ್ಟಿನಿ’ ಪೆಟ್ಟಿಗೆಯಂತೂ ಹಳೆಯ ಡ್ರ್ಯಾಗನ್ನನ್ನು ಮತ್ತೆ ಮೇಲಿನ ಮೇಜುಗಳಿಗೆ ತಂದಿತು. ಆದರೆ ಗೆಲ್ಲುತ್ತಿದ್ದವರು ಪೆಟ್ಟಿಗೆಯೊಳಗೇ ನಿಲ್ಲಲಿಲ್ಲ. 2024ರ ಕೊನೆಗೆ ಬಂದ ‘ಪ್ರಿಮೈಟ್’ ಎಂಬ ಬೇರೆಯೇ ಥೀಮಿನ ನಾಲ್ಕಾರು ಕಾರ್ಡುಗಳನ್ನು ಎರವಲು ತಂದರು. ತನ್ನದೇ ವಿಶೇಷ ಶಕ್ತಿ ಯಾವುದೂ ಇಲ್ಲದ ‘ನಾರ್ಮಲ್ ಮಾನ್‌ಸ್ಟರ್’ಗಳಿಗೆ ಆಸರೆಯಾಗುವುದು ಪ್ರಿಮೈಟ್‌ನ ಕಸುಬು. ಮೂಲ ಬ್ಲೂ-ಐಸ್ ಅಂಥದೇ. ಕಾರ್ಡಿನ ಮೇಲೆ ಕಥೆಯ ಎರಡು ಸಾಲು ಬಿಟ್ಟರೆ ಯಾವ ಶಕ್ತಿಯೂ ಬರೆದಿಲ್ಲ ಎಂಬುದೇ ಅದಕ್ಕೆ ಅರ್ಹತೆಯಾಯಿತು.

ಈ ಯಾವುದೂ ಶಾಶ್ವತವಲ್ಲ. ಕೊನಾಮಿ ಆಗಾಗ ಪರಿಷ್ಕರಿಸುವ ಪಟ್ಟಿಯಲ್ಲಿ ಕೆಲವು ಕಾರ್ಡುಗಳಿಗೆ ಪೂರ್ತಿ ನಿಷೇಧ, ಕೆಲವಕ್ಕೆ ಒಂದೇ ಪ್ರತಿ, ಕೆಲವಕ್ಕೆ ಎರಡು. ಮೂರು ಪೆಟ್ಟಿಗೆ ಕೊಂಡ ಮರುತಿಂಗಳೇ ಮುಖ್ಯ ಕಾರ್ಡು ಪಟ್ಟಿಗೆ ಸೇರಿದರೆ ಗೊಣಗಿಕೊಳ್ಳಬೇಕಷ್ಟೆ.

ಟೂರ್ನಮೆಂಟಿನ ಪಂದ್ಯ ಮೂರು ಆಟಗಳದ್ದು, ಎರಡು ಗೆದ್ದವರು ಮುಂದಕ್ಕೆ. ನಡುನಡುವೆ ‘ಸೈಡ್ ಡೆಕ್’ನ 15 ಕಾರ್ಡುಗಳಿಂದ ಬೇಕಾದ್ದನ್ನು ಬದಲಾಯಿಸಿಕೊಳ್ಳಬಹುದು. ಎದುರಾಳಿ ಮುಚ್ಚಿಟ್ಟ ಕಾರ್ಡುಗಳ ಹಿಂದೆ ಕೂರುವವನಾದರೆ ಅವನ್ನು ಎರಡೆರಡಾಗಿ ಒಡೆಯುವ ‘ಟ್ವಿನ್ ಟ್ವಿಸ್ಟರ್ಸ್’ ಒಳಗೆ, ಅಲ್ಲಿ ಕೆಲಸಕ್ಕೆ ಬಾರದ ಹ್ಯಾಂಡ್ ಟ್ರ್ಯಾಪ್ ಹೊರಗೆ. ಕಾರ್ಡು ಕೊಳ್ಳುವ ಮುನ್ನ ಕೈಪಳಗಿಸಲು ಬಯಸುವವರು ಕೊನಾಮಿ 2022ರ ಜನವರಿಯಲ್ಲಿ ಬಿಟ್ಟ ‘ಮಾಸ್ಟರ್ ಡ್ಯುಯೆಲ್’ ಎಂಬ ಉಚಿತ ಆಟವನ್ನು ಫೋನಿನಲ್ಲೇ ಆಡಬಹುದು. ಅಲ್ಲಿ ರ‍್ಯಾಂಕಿನ ಪಂದ್ಯ ಒಂದೇ ಆಟಕ್ಕೆ ಮುಗಿಯುವುದರಿಂದ ಸೈಡ್ ಡೆಕ್ಕಿಗೆ ಕೆಲಸವಿಲ್ಲ. ಹಾಗಾಗಿ ಫೋನಿನಲ್ಲಿ ಮೇಲೇರಿದ ಡೆಕ್ಕನ್ನು ಅಂಗಡಿಯ ಮೇಜಿಗೆ ಒಯ್ಯುವಾಗ ಆ ಹದಿನೈದನ್ನು ಮೊದಲಿನಿಂದ ಯೋಚಿಸಬೇಕು, ಅದೂ ಆ ಊರಿನಲ್ಲಿ ಜನ ಯಾವ ಡೆಕ್ ಆಡುತ್ತಾರೆ ಎಂಬುದನ್ನು ವಿಚಾರಿಸಿಕೊಂಡು.